ರೂಟ್ ಮಾಡಿದ ಫೋನ್‌ಗೆ ಯಾವ ಕಸ್ಟಮ್ ರಾಮ್? ಹಾಕೋಕ್ ಮುಂಚೆ ಇಷ್ಟು ನೋಡ್ಕೊಳ್ಳಿ

ಫೋನ್ ರೂಟ್ ಆಯ್ತು (ಅಂದ್ರೆ ಸಿಸ್ಟಮ್ ಒಳಗೆ ಕೈ ಹಾಕೋ ಪೂರ್ತಿ ಅಧಿಕಾರ ಸಿಕ್ತು), ರೂಟ್ ನೋಡ್ಕೊಳ್ಳೋ ಮ್ಯಾಜಿಸ್ಕ್ ಆಪ್ ಓಡ್ತಿದೆ, ಆಡ್ಸ್ ಎಲ್ಲಾ ಬ್ಲಾಕು, ಇನ್ನೇನು ಕಂಪನಿ ರಾಮ್ (ROM, ಅಂದ್ರೆ ಫೋನ್ ಜೊತೆ ಬಂದ ಆಂಡ್ರಾಯ್ಡ್ ಸಾಫ್ಟ್‌ವೇರ್) ಕಿತ್ತಾಕಿ ಹೊರಗಿನೋರು ಮಾಡಿರೋ ಕಸ್ಟಮ್ ರಾಮ್ ಹಾಕೋಣ ಅನ್ನೋ ಹಂತಕ್ಕೆ ಬಂದೋರೆಲ್ಲ ಕೇಳೋದು ಒಂದೇ ಪ್ರಶ್ನೆ, "ಯಾವ ರಾಮ್ ಬೆಸ್ಟ್ ಗುರು?" ಅಂತ. ನಮ್ಮ ತುಮಕೂರಿನ ಎಸ್‌ಐಟಿ ಕಾಲೇಜ್ ಕಡೆ ಹಾಸ್ಟೆಲ್ ಹುಡುಗ್ರೂ ಇದೇ ಕೇಳ್ತಾರೆ, ಬೆಳಗ್ಗೆ ಬೆಂಗಳೂರು ಟ್ರೈನ್ ಹತ್ತೋ ಸಾಫ್ಟ್‌ವೇರ್‌ನೋರೂ ಇದೇ ಕೇಳ್ತಾರೆ. ಈ ಪ್ರಶ್ನೆಗೆ ಉತ್ತರ ಇಲ್ಲ. ಅದೇ ಹೆಸರಿನ ರಾಮ್ ಒಬ್ರ ಫೋನಲ್ಲಿ ವರ್ಷಗಟ್ಲೆ ತಕರಾರಿಲ್ದೆ ಓಡ್ತಿರತ್ತೆ, ಇನ್ನೊಬ್ರ ಫೋನಲ್ಲಿ ಕಾಲ್ ಬಂದ್ರೆ ಸ್ಪೀಕರೇ ಕೆಲಸ ಮಾಡಲ್ಲ. ಯಾಕಂದ್ರೆ ಹೆಸರು ಒಂದೇ ಆದ್ರೂ ಆ ಮಾಡೆಲ್‌ಗೆ ಅಂತ ಕೂತು ಬಿಲ್ಡ್ ಮಾಡಿರೋ ಆಸಾಮಿ ಬೇರೆ. ಕ್ಯಾತ್ಸಂದ್ರದಲ್ಲಿ ಎಲ್ಲಾ ಹೋಟೆಲ್ ಬೋರ್ಡ್ ಮೇಲೂ ತಟ್ಟೆ ಇಡ್ಲಿ ಅಂತಾನೇ ಬರ್ದಿರತ್ತೆ, ಹಿಟ್ಟು ರುಬ್ಬಿರೋರು ಯಾರು ಅನ್ನೋದ್ರ ಮೇಲೆ ತಾನೇ ನಾವು ಒಳಗ್ ಹೋಗೋದು, ಇದೂ ಹಂಗೇ. ನಾವು ಆರಿಸ್ಕೊಳ್ತಿರೋದು ರಾಮ್ ಹೆಸರನ್ನಲ್ಲ, ನಮ್ಮ ಫೋನ್‌ಗೆ ಅದನ್ನ ನೋಡ್ಕೊಳ್ತಿರೋ ಮೇಂಟೇನರ್‌ನ. ಆ ಲೆಕ್ಕದಲ್ಲೇ ಕೆಳಗಿನದೆಲ್ಲಾ ಬರ್ದಿದೀನಿ.

ಫೋನ್‌ದು ಅಸಲಿ ಹೆಸರು ಹುಡುಕಿ

ಡಬ್ಬದ ಮೇಲಿರೋ ಹೆಸರು ಇಲ್ಲಿ ಲೆಕ್ಕಕ್ಕಿಲ್ಲ, ಕಂಪನಿ ಒಳಗೊಳಗೇ ಇಟ್ಟಿರೋ ಕೋಡ್‌ನೇಮ್ ಬೇಕು. ಪೋಕೊ ಎಫ್1 ಅಂದ್ರೆ ಬೆರಿಲಿಯಮ್, ರೆಡ್ಮಿ ನೋಟ್ 5 ಪ್ರೋ ಅಂದ್ರೆ ವೈರೆಡ್, ರೆಡ್ಮಿ ನೋಟ್ 10 ಪ್ರೋ ಅಂದ್ರೆ ಸ್ವೀಟ್, ಒನ್‌ಪ್ಲಸ್ 6 ಅಂದ್ರೆ ಎಂಚಿಲಾಡಾ. ಕಮ್ಯಾಂಡ್ ಟೈಪ್ ಮಾಡೋ ಟರ್ಮಿನಲ್ ಆಪ್ ತೆಗೆದು ಗೆಟ್‌ಪ್ರಾಪ್ (getprop) ಕಮ್ಯಾಂಡಲ್ಲಿ ಪ್ರಾಡಕ್ಟ್ ಡಿವೈಸ್ (ro.product.device) ಅನ್ನೋ ಸಾಲು ನೋಡಿದ್ರೆ ಸಿಕ್ಬಿಡತ್ತೆ, ಅದು ಬೇಡ ಅಂದ್ರೆ ಡಿವೈಸ್ ಇನ್ಫೋ ತೋರ್ಸೋ ಯಾವ್ದಾದ್ರೂ ಆಪಲ್ಲಿ ನೋಡ್ಕೊಳ್ಳಿ. ಒಂದೇ ಹೆಸರಲ್ಲಿ ಎರಡು ಬೇರೆ ಬೇರೆ ಫೋನ್ ಮಾರಿರೋದು ಮಾಮೂಲಿ. ರೆಡ್ಮಿ ನೋಟ್ 4 ಅಂತ ಸ್ನಾಪ್‌ಡ್ರ್ಯಾಗನ್ ಪ್ರೊಸೆಸರ್ ಇರೋದೂ ಬಂತು, ಮೀಡಿಯಾಟೆಕ್ ಇರೋದೂ ಬಂತು, ಒಂದ್ರದ್ದು ಇನ್ನೊಂದಕ್ಕೆ ಹಾಕಿದ್ರೆ ಕಥೆ ಮುಗೀತು. ಸ್ಯಾಮ್ಸಂಗಲ್ಲಿ ಎಕ್ಸಿನೋಸ್ ಮತ್ತೆ ಸ್ನಾಪ್‌ಡ್ರ್ಯಾಗನ್ ಅಂತ ಇರೋ ಫ್ಲ್ಯಾಗ್‌ಶಿಪ್‌ಗಳದ್ದೂ ಇದೇ ಪಾಡು. ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿರೋ ಫೋನ್ ಆದ್ರಂತೂ ಡಬ್ಬ ನಂಬ್ಲೇಬೇಡಿ, ಹೊರದೇಶದ ವೇರಿಯಂಟ್ ಇಲ್ಲಿಗೆ ಬಂದು ಕೈ ಬದಲಾಗಿರೋದು ಎಷ್ಟೋ ಸಲ ಇರತ್ತೆ.

ಕೋಡ್‌ನೇಮ್ ಜೊತೆಗೆ ಇನ್ನೆರಡು ಬರ್ಕೊಳ್ಳಿ. ಈಗಿರೋ ಆಂಡ್ರಾಯ್ಡ್ ವರ್ಷನ್ ಮತ್ತೆ ಫರ್ಮ್‌ವೇರ್ ವರ್ಷನ್. ರಾಮ್ ಬೇರೆ, ಫರ್ಮ್‌ವೇರ್ ಬೇರೆ. ನೆಟ್‌ವರ್ಕ್ ನೋಡ್ಕೊಳ್ಳೋ ಮೋಡೆಮ್, ಫೋನ್ ಎಬ್ಬಿಸೋ ಬೂಟ್‌ಲೋಡರ್, ಗುಟ್ಟಿನ ಕೀ ಕಾಯೋ ಟ್ರಸ್ಟ್‌ಝೋನ್ ಇವೆಲ್ಲಾ ಕಂಪನಿ ಕೊಟ್ಟ ಫರ್ಮ್‌ವೇರ್‌ಗೆ ಸೇರಿದ್ದು, ಸುಮಾರು ಕಸ್ಟಮ್ ರಾಮ್‌ಗಳು ಇದನ್ನ ಮುಟ್ಟೋದೇ ಇಲ್ಲ, "ಆಂಡ್ರಾಯ್ಡ್ 12 ಫರ್ಮ್‌ವೇರ್ ಮೇಲಿರ್ಬೇಕು" ಅಂತ ಒಂದ್ ಸಾಲು ಬರ್ದು ಸುಮ್ನಾಗ್ತಾರೆ. ಆ ಸಾಲು ಓದದೆ ಹಾಕಿ ಆಮೇಲೆ ಫಿಂಗರ್‌ಪ್ರಿಂಟ್ ಇಲ್ಲ, ವೈಫೈ ಆನ್ ಆಗಲ್ಲ ಅಂತ ರಾಮ್‌ಗೆ ಬೈಯೋರು ಜಾಸ್ತಿ.

ಹಳೇ ಫರ್ಮ್‌ವೇರ್‌ಗೆ ಇಳಿಯೋ ಪ್ಲಾನ್ ಇದ್ರೆ, ಹಾಗೆ ಇಳಿಯೋದನ್ನ ತಡೆಯೋ ಆಂಟಿ ರೋಲ್‌ಬ್ಯಾಕ್ ಅಂತ ಒಂದಿದೆ, ಅದನ್ನ ನೋಡ್ದೆ ಕೈ ಹಾಕ್ಬೇಡಿ. 2018ರಲ್ಲಿ ರೆಡ್ಮಿ ನೋಟ್ 5 ಪ್ರೋಗೆ ಇದು ಬಂದಾಗ, ಮೊದಲಿನ ಥರಾನೇ ಹಳೇ ಮಿಯುಐಗೆ (ಶಿಯೋಮಿ ಕಂಪನಿ ರಾಮ್) ಇಳಿಯೋಕೆ ಹೋದ ಎಷ್ಟೋ ಜನರ ಫೋನ್ ಆನೇ ಆಗದೆ ಇಟ್ಟಿಗೆ ಆಗಿ ಸರ್ವಿಸ್ ಸೆಂಟರ್ ಸೇರ್ತು. ಶಿಯೋಮಿ ಫೋನ್ ಆದ್ರೆ ಫಾಸ್ಟ್‌ಬೂಟಲ್ಲಿ (ಕಂಪ್ಯೂಟರಿಂದ ಫೋನ್‌ಗೆ ಕಮ್ಯಾಂಡ್ ಕೊಡೋ ಮೋಡ್) ಗೆಟ್‌ವಾರ್ ಆಂಟಿ (getvar anti) ಅಂತ ಕೊಟ್ರೆ ನಂಬರ್ ಬರತ್ತೆ, ನೀವು ಹಾಕೋ ಫರ್ಮ್‌ವೇರ್‌ದು ಅದಕ್ಕಿಂತ ಕಮ್ಮಿ ಇದ್ರೆ ಅಲ್ಲೇ ಬಿಟ್ಬಿಡಿ.

ಈ ಫೋನ್ ಯಾತಕ್ಕೆ ಬೇಕು

ಇದನ್ನ ಯಾರೂ ಮಾಡಲ್ಲ, ಸ್ಕ್ರೀನ್‌ಶಾಟ್ ನೋಡಿ ಡೌನ್‌ಲೋಡ್ ಒತ್ತಿಬಿಡ್ತಾರೆ. ಒಂದು ಹಾಳೆ ತಗೊಂಡು, ಏನು ಹೋದ್ರೆ ನಿಮ್ಗೆ ತಡ್ಕೊಳ್ಳೋಕಾಗಲ್ಲ ಅಂತ ಬರೀರಿ. ಮನೇಲಿ ಮೂಲೇಲಿ ಬಿದ್ದಿರೋ ಎರಡನೇ ಫೋನ್ ಆದ್ರೆ ಏನ್ ಬೇಕಾದ್ರೂ ಆಟ ಆಡಿ, ಆದ್ರೆ ಇರೋದು ಇದೊಂದೇ ಫೋನು ಅಂದ್ರೆ ಲೆಕ್ಕಾನೇ ಬೇರೆ.

ನಮ್ಮ ಕಡೆ ಆ ಪಟ್ಟೀಲಿ ಮೊದ್ಲು ಬರ್ಬೇಕಾಗಿರೋದು ಕಾಲ್. ನಗಬೇಡಿ. ಜಿಯೋಗೆ 2ಜಿ 3ಜಿ ಇಲ್ವೇ ಇಲ್ಲ, ಇರೋದೇ 4ಜಿ 5ಜಿ, ಅಂದ್ರೆ ರಾಮಲ್ಲಿ ವೋಲ್ಟಿ (VoLTE, 4ಜಿ ಮೇಲೇ ಕಾಲ್ ಹೋಗೋ ವ್ಯವಸ್ಥೆ) ಕೆಟ್ಟಿದ್ರೆ ಇಂಟರ್ನೆಟ್ ಜೋರಾಗಿ ಓಡ್ತಿರತ್ತೆ, ಆದ್ರೆ ಮಾಮೂಲಿ ಕಾಲ್ ಹೋಗೋದೂ ಇಲ್ಲ ಬರೋದೂ ಇಲ್ಲ. ಏರ್‌ಟೆಲ್ ಆದ್ರೆ 2ಜಿ ಇನ್ನೂ ಇಟ್ಕೊಂಡಿದಾರೆ, ವೋಲ್ಟಿ ಇಲ್ದಿದ್ರೆ ಅದಕ್ಕೆ ಬಿದ್ದು ಕಾಲ್ ಆಗತ್ತೆ, ಹಂಗಾಗಿ ಏರ್‌ಟೆಲ್ ಸಿಮ್ ಇರೋರು "ನಂಗೆಲ್ಲಾ ಸರಿ ಇದೆ" ಅಂತಾರೆ, ಅವ್ರ ಮಾತು ನಂಬಿ ಜಿಯೋ ಸಿಮ್ ಇರೋನು ಹಾಕಿ ಮನೆಯವ್ರ ಕಾಲ್ ಬರ್ದೆ ಒದ್ದಾಡ್ತಾನೆ. ಆದ್ರಿಂದ ರಿವ್ಯೂ ಓದೋವಾಗ ಬರ್ದಿರೋನು ಯಾವ ದೇಶದೋನು ಯಾವ ಸಿಮ್ಮಿನೋನು ಅಂತ ನೋಡಿ. ಯುರೋಪಿನ ಮೇಂಟೇನರ್ ವೋಲ್ಟಿ ವರ್ಕಿಂಗ್ ಅಂತ ಬರ್ದ್ರೆ ಅವನ ಆಪರೇಟರ್‌ಗೆ ವರ್ಕಿಂಗು, ಅಷ್ಟೆ.

ಆಮೇಲೆ ಕ್ಯಾಮೆರಾ. ಕಂಪನಿ ಕ್ಯಾಮೆರಾ ಆಪ್ ಹೋಗತ್ತೆ, ಬೇರೆ ಫೋನ್‌ಗೂ ಓಡೋ ಹಾಗೆ ಮಾಡಿರೋ ಗೂಗಲ್ ಕ್ಯಾಮೆರಾ ಪೋರ್ಟ್ ಹಾಕ್ಕೊಂಡ್ರೆ ಕೆಲವು ಫೋನಲ್ಲಿ ಮೊದ್ಲಿಗಿಂತ ಚೆನ್ನಾಗೇ ಬರತ್ತೆ, ಇನ್ ಕೆಲವು ಫೋನಲ್ಲಿ ವೈಡ್ ಲೆನ್ಸ್, ಮ್ಯಾಕ್ರೋ ಲೆನ್ಸ್ ಕಾಣೋದೇ ಇಲ್ಲ. ಸಿನಿಮಾ ನೋಡೋರಿಗೆ ವೈಡ್‌ವೈನ್ ಎಲ್1 (ವಿಡಿಯೋ ಕಾಪಿ ಆಗದಂಗೆ ಕಾಯೋ ಗೂಗಲ್ ವ್ಯವಸ್ಥೆಯ ಮೇಲಿನ ಮಟ್ಟ), ಇದು ಎಲ್3ಗೆ ಇಳಿದ್ರೆ ನೆಟ್‌ಫ್ಲಿಕ್ಸ್ ಎಚ್‌ಡಿಯಲ್ಲಿ ಬರಲ್ಲ. ಐಆರ್ ರಿಮೋಟು, ಎಫ್‌ಎಂ ರೇಡಿಯೋ ಇವು ಬಳಸೋರು ಇದ್ರೆ ಅದನ್ನೂ ಬರ್ಕೊಳ್ಳಿ. ಕನ್ನಡದ ಬಗ್ಗೆ ಚಿಂತೆ ಬೇಡ, ನೋಟೋ ಕನ್ನಡ ಫಾಂಟ್ ಆಂಡ್ರಾಯ್ಡ್ ಒಳಗೇ ಇರೋದ್ರಿಂದ ಒತ್ತಕ್ಷರ ಒಡೆಯಲ್ಲ, ಕೀಬೋರ್ಡ್ ಬೇಕಾದ್ದು ಹಾಕ್ಕೊಬಹುದು. ಥೀಮ್ ಅಂತ ಫಾಂಟ್ ಬದಲಾಯ್ಸೋ ಮಾಡ್ಯೂಲ್ (ರೂಟ್ ಬಳಸಿ ಸಿಸ್ಟಮ್ ತಿದ್ದೋ ಸಣ್ಣ ಪ್ಯಾಕೇಜು) ಹಾಕೋರು ಮಾತ್ರ ಹುಷಾರು.

ಯುಪಿಐ

ಎಲ್ರೂ ಎಡವೋದು ಇಲ್ಲೇ, ಅದಕ್ಕೆ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ.

ಫೋನ್ ಆಚೀಚೆ ಆಗಿದ್ಯಾ ಅಂತ ಆಪ್‌ಗಳು ಗೂಗಲ್‌ನ ಕೇಳ್ತವೆ. ಮೊದ್ಲು ಇದಕ್ಕೆ ಸೇಫ್ಟಿನೆಟ್ ಅಂತಿತ್ತು, ಈಗ ಪ್ಲೇ ಇಂಟಿಗ್ರಿಟಿ. ಇದ್ರಲ್ಲಿ ಬೇಸಿಕ್, ಡಿವೈಸ್, ಸ್ಟ್ರಾಂಗ್ ಅಂತ ಮೂರು ಮಟ್ಟ. ಯಾವ ಆಪ್ ಯಾವ ಮಟ್ಟ ಕೇಳತ್ತೆ ಅನ್ನೋದು ಆಪ್ ಮಾಡ್ದೋರಿಗೆ ಬಿಟ್ಟಿದ್ದು, ಒಂದು ಬ್ಯಾಂಕ್ ಆಪ್ ಏನೂ ಕೇಳ್ದೆ ತೆಗೆಯತ್ತೆ, ಇನ್ನೊಂದು ಡೆವಲಪರ್ ಆಪ್ಶನ್ ಆನ್ ಇದ್ರೂ ಮುಖ ಮುಚ್ಕೊಳ್ಳತ್ತೆ. ಮೊದ್ಲೆಲ್ಲ ಹಳೇ ಫೋನಿನ ಬಿಲ್ಡ್ ಫಿಂಗರ್‌ಪ್ರಿಂಟ್ (ಬೆರಳಿಂದಲ್ಲ, ಸಾಫ್ಟ್‌ವೇರಿನ ಗುರುತು) ತೋರ್ಸಿ ಡಿವೈಸ್ ಮಟ್ಟ ದಾಟಿಸ್ತಿದ್ರು, ಸುಮಾರು ರಾಮ್‌ಗಳಲ್ಲಿ ಅದನ್ನ ಒಳಗೇ ಇಟ್ಟು ಕೊಡ್ತಿದ್ರು. 2025ರ ಮೇ ತಿಂಗಳಿಂದ ಆಂಡ್ರಾಯ್ಡ್ 13 ಮತ್ತೆ ಅದಕ್ಕಿಂತ ಹೊಸ ವರ್ಷನ್‌ಗಳಲ್ಲಿ ಡಿವೈಸ್ ಮಟ್ಟಕ್ಕೂ ಹಾರ್ಡ್‌ವೇರ್ ಒಳಗಿನ ಕೀ ಬೇಕು ಅಂತ ಗೂಗಲ್ ಬಿಗಿ ಮಾಡ್ತು. ಬೇರೆ ಸಾಫ್ಟ್‌ವೇರ್ ಹಾಕೋಕೆ ಅಂತ ಬೂಟ್‌ಲೋಡರ್ ಬೀಗ ತೆಗೆದು ಅನ್‌ಲಾಕ್ ಆಗಿದ್ರೆ ಆ ಹಾರ್ಡ್‌ವೇರ್ ಸುಳ್ಳು ಹೇಳಲ್ಲ. ಅದನ್ನ ತಪ್ಪಿಸೋಕೆ ಜನ ಬೇರೆ ಫೋನಿನ ಕೀ ಇರೋ, ಸೋರಿಕೆ ಆಗಿರೋ ಕೀಬಾಕ್ಸ್ ಫೈಲ್ ಹಾಕ್ತಾರೆ, ಗೂಗಲ್ ಅದನ್ನ ಹಿಡಿದು ರದ್ದು ಮಾಡತ್ತೆ, ಮತ್ತೊಂದು ಹುಡುಕ್ತಾರೆ. ಟೆಲಿಗ್ರಾಮಲ್ಲಿ ದುಡ್ಡಿಗೆ ಕೀಬಾಕ್ಸ್ ಮಾರೋರು ಇದಾರೆ, ದಯವಿಟ್ಟು ಕೊಡ್ಬೇಡಿ. ಇವತ್ತು ದುಡ್ಡು ಕೊಟ್ಟು ನಾಳೆ ರದ್ದಾಗೋ ಮಾಲು ಅದು, ಅದೂ ಅಲ್ದೆ ಯಾರೋ ಕೊಟ್ಟ ಮಾಡ್ಯೂಲ್‌ಗೆ ರೂಟ್ ಪರ್ಮಿಶನ್ ಕೊಟ್ಟು ಅದೇ ಫೋನಲ್ಲಿ ಬ್ಯಾಂಕ್ ಆಪ್ ಇಟ್ಕೊಳ್ಳೋದು ಯಾವ ಲೆಕ್ಕ.

ನನ್ನ ಮಾತು ಕೇಳೋದಾದ್ರೆ, ದಿನಾ ಯುಪಿಐ ಮೇಲೆ ಬದುಕೋರು ಕಸ್ಟಮ್ ರಾಮ್ ಫೋನಲ್ಲಿ ಅದನ್ನ ನೆಚ್ಕೊಳ್ಬೇಡಿ. ಮಾರ್ಕೆಟಲ್ಲಿ ಸೊಪ್ಪಿನೋರ ಎದುರು ನಿಂತು ಆಪ್ ತೆಗೆದಾಗ "ಈ ಡಿವೈಸ್ ಸುರಕ್ಷಿತ ಅಲ್ಲ" ಅಂತ ಬಂದ್ರೆ, ಹಿಂದೆ ನಾಕ್ ಜನ ನಿಂತಿರ್ತಾರೆ, ಜೇಬಲ್ಲಿ ಚಿಲ್ರೆ ಇರಲ್ಲ. ಕಂಪನಿ ರಾಮ್ ಇರೋ, ಲಾಕ್ ತೆಗೀದಿರೋ ಒಂದು ಕಮ್ಮಿ ರೇಟಿನ ಫೋನ್ ಅದಕ್ಕೇ ಅಂತ ಇಟ್ಕೊಳ್ಳಿ. ಯುಪಿಐ ನೋಂದಣಿ ಆಗೋದು ಬ್ಯಾಂಕಲ್ಲಿ ಕೊಟ್ಟಿರೋ ನಂಬರಿನ ಸಿಮ್ಮಿಂದ ಎಸ್ಸೆಮ್ಮೆಸ್ ಹೋಗಿ, ಹಂಗಾಗಿ ಆ ಸಿಮ್ಮು ಆ ಫೋನಲ್ಲೇ ಇರ್ಬೇಕು, ಇದನ್ನ ಮೊದ್ಲೇ ಲೆಕ್ಕ ಹಾಕ್ಕೊಂಡು ಯಾವ ಸಿಮ್ ಎಲ್ಲಿ ಅಂತ ತೀರ್ಮಾನ ಮಾಡಿ. ಎರಡನೇ ಫೋನಿಗೆ ದುಡ್ಡಿಲ್ಲ, ಯುಪಿಐ ಬಿಡೋಕೂ ಆಗಲ್ಲ ಅಂದ್ರೆ ಸದ್ಯಕ್ಕೆ ಕಂಪನಿ ರಾಮಲ್ಲೇ ಇರಿ, ತಪ್ಪೇನಿಲ್ಲ.

ಮೇಂಟೇನರ್ ಎದ್ದಿದಾನಾ, ಮಲಗಿದಾನಾ

ಕೋಡ್‌ನೇಮ್ ಹಾಕಿ ಹುಡುಕಿದ್ರೆ ಸುಮಾರು ರಾಮ್ ಸಿಗ್ತವೆ. ಫೀಚರ್ ಪಟ್ಟಿ ಓದೋಕೆ ಹೋಗ್ಬೇಡಿ, ಎಲ್ಲಾ ಕಡೆ ಅದೇ ಬ್ಯಾಟರಿ ಐಕಾನು, ಅದೇ ಸ್ಟೇಟಸ್ ಬಾರ್ ಬಣ್ಣ. ಓದ್ಬೇಕಾಗಿರೋದು ಕೆಳಗಿರೋ ಸಣ್ಣ ಅಕ್ಷರ.

ಮೊದ್ಲು ಅಫಿಶಿಯಲ್ಲಾ ಅನಫಿಶಿಯಲ್ಲಾ. ಅಫಿಶಿಯಲ್ ಅಂದ್ರೆ ಆ ರಾಮ್ ತಂಡ ಒಪ್ಪಿ, ಅವರ ಸರ್ವರಿಂದ, ಅವರ ಕೀಯಿಂದ ಸಹಿ ಮಾಡಿ ಬಂದಿರೋದು. ಲಿನಿಯೇಜ್ ಓಎಸ್ ಅನ್ನೋ ರಾಮಿನೋರು ಅಫಿಶಿಯಲ್ ಅನ್ನಿಸ್ಕೋಬೇಕು ಅಂದ್ರೆ ವೈಫೈ, ಕ್ಯಾಮೆರಾ, ಕಾಲ್ ಎಲ್ಲಾ ಕೆಲಸ ಮಾಡ್ಬೇಕು, ಆಪ್‌ಗಳು ಮಿತಿ ದಾಟದಂಗೆ ಕಾಯೋ ಎಸ್‌ಇಲಿನಕ್ಸ್ ಎನ್‌ಫೋರ್ಸಿಂಗ್ (ಜಾರಿಯಲ್ಲಿ) ಇರ್ಬೇಕು ಅಂತ ನಿಯಮ ಬರ್ದಿಟ್ಟಿದಾರೆ. ಅನಫಿಶಿಯಲ್ ಎಲ್ಲಾ ಕೆಟ್ಟದ್ದು ಅಂತಲ್ಲ, ಹಳೇ ಫೋನ್‌ಗಳು ಉಸಿರಾಡ್ತಿರೋದೇ ಅದ್ರಿಂದ. ಆದ್ರೆ ಅಲ್ಲಿ ನೀವು ನಂಬ್ತಿರೋದು ಒಬ್ಬ ಮನುಷ್ಯನ್ನ, ಸುಮಾರಾಗಿ ಪರೀಕ್ಷೆ ಮುಗಿಸ್ಕೊಂಡು ಬಂದು ರಾತ್ರಿ ಬಿಲ್ಡ್ ಹಾಕೋ ಒಬ್ಬ ಸ್ಟೂಡೆಂಟ್‌ನ.

ಹತ್ತಿರದಿಂದ ಒಂದು ಪೋಸ್ಟ್ ನೋಡೋಣ. ಬಗ್ಸ್ ಅನ್ನೋ ಕಡೆ "ನೀವೇ ಹೇಳಿ" ಅಂತ ಬರ್ದಿರತ್ತೆ, ಇದು ಹಳೇ ಚಾಳಿ, ಅಂದ್ರೆ ಟೆಸ್ಟ್ ಮಾಡಿಲ್ಲ ಅಂತ ಓದ್ಕೊಳ್ಳಿ. ಚೇಂಜ್‌ಲಾಗಲ್ಲಿ "ಪರ್ಫಾಮೆನ್ಸ್ ಇಂಪ್ರೂವ್ ಆಯ್ತು, ಬ್ಯಾಟರಿ ಇಂಪ್ರೂವ್ ಆಯ್ತು" ಅಂತ ಮಾತ್ರ ಇದ್ರೆ ಅದು ಏನೂ ಹೇಳ್ದಂಗೆ. ಅದೇ ಇನ್ನೊಬ್ಬ "ಬ್ಲೂಟೂತ್ ಕಾಲಲ್ಲಿ ಮೈಕ್ ಸದ್ದು ಕಮ್ಮಿ ಇದ್ದಿದ್ದು ಸರಿ ಮಾಡ್ದೆ, ಸಿಮ್ 2ರಲ್ಲಿ ವೋವೈಫೈ (ವೈಫೈ ಮೇಲೆ ಕಾಲ್) ಇನ್ನೂ ಬರ್ತಿಲ್ಲ, ಆಟೋ ಬ್ರೈಟ್‌ನೆಸ್ ಸ್ವಲ್ಪ ತಡ" ಅಂತ ಬರ್ದಿರ್ತಾನೆ ನೋಡಿ, ಕೆಲಸ ಆಗದೇ ಇರೋದನ್ನ ಹೆಸರಿಟ್ಟು ಹೇಳಿರೋ ಆ ಮನುಷ್ಯನ ರಾಮ್ ಹಾಕಿ. ಅವನು ಆ ಫೋನ್ ಕೈಯಲ್ಲಿಟ್ಕೊಂಡು ಬಳಸ್ತಿದಾನೆ. ಫೋನೇ ಇಲ್ದೆ ಬ್ಲೈಂಡ್ ಬಿಲ್ಡ್ ಹಾಕೋ ಮಹಾನುಭಾವ್ರೂ ಇದಾರೆ ಇಲ್ಲಿ.

ಹಿಂದಿನ ಬಿಲ್ಡ್‌ಗಳ ತಾರೀಕು ನೋಡಿ, ಆರು ತಿಂಗಳಿಂದ ಏನೂ ಇಲ್ಲ ಅಂದ್ರೆ ಮೇಂಟೇನರ್ ಫೋನ್ ಮಾರಿದಾನೆ ಅಂತಾನೇ ಅನ್ಕೊಳ್ಳಿ. ಕರ್ನಲ್ (ಆಂಡ್ರಾಯ್ಡಿನ ತಳಪಾಯ) ಸೋರ್ಸ್ ಕೋಡಿನ ಲಿಂಕ್ ಇದ್ಯಾ ನೋಡಿ, ಲಿನಕ್ಸ್ ಕರ್ನಲ್ ಜಿಪಿಎಲ್ ಲೈಸೆನ್ಸಲ್ಲಿ ಇರೋದು, ಬಿಲ್ಡ್ ಹಂಚಿದ್ಮೇಲೆ ಸೋರ್ಸ್ ಕೊಡ್ಬೇಕು, ಬಚ್ಚಿಡೋನ ಹತ್ರ ಹೋಗ್ಬೇಡಿ. ಟೆಲಿಗ್ರಾಮ್ ಗ್ರೂಪ್ ಇದ್ರೆ ಸೇರ್ಕೊಂಡು ಸುಮ್ನೆ ಮೇಲಕ್ಕೆ ಎಳೀತಾ ಹೋಗಿ, "ಜಿಯೋ", "ವೋಲ್ಟಿ", "ರೀಬೂಟ್" ಅಂತ ಸರ್ಚ್ ಮಾಡಿ. ಪ್ರಶ್ನೆ ಕೇಳೋ ಅಗತ್ಯಾನೇ ಬೀಳಲ್ಲ, ಎಲ್ಲಾ ಗೋಳೂ ಅಲ್ಲೇ ಸಿಗತ್ತೆ.

ಹೆಸರುಗಳ ಬಗ್ಗೆ ಸ್ವಲ್ಪ

ಲಿನಿಯೇಜ್ ಓಎಸ್ ಸಪ್ಪೆ. ಸಪ್ಪೆ ಇರೋದೇ ಅದ್ರ ಗುಣ. 2009ರಲ್ಲಿ ಸ್ಟೀವ್ ಕಾಂಡಿಕ್ ಎಚ್‌ಟಿಸಿ ಡ್ರೀಮ್ ಫೋನ್‌ಗೆ ಅಂತ ಶುರು ಮಾಡಿದ ಸಯಾನೊಜೆನ್‌ಮಾಡ್ ರಾಮ್ 2016ರ ಡಿಸೆಂಬರಲ್ಲಿ ಮುಚ್ಕೊಂಡಾಗ ಅದ್ರ ಕೋಡ್ ಎತ್ಕೊಂಡು ಹುಟ್ಟಿದ್ದು ಇದು, ಬೇರೆ ಎಷ್ಟೋ ರಾಮ್‌ಗಳು ಒಳಗೊಳಗೆ ಇದ್ರ ಡಿವೈಸ್ ಟ್ರೀನೇ (ಆಯಾ ಫೋನ್‌ಗೆ ಅಂತ ಬರೆದ ಕೋಡು) ಎತ್ಕೊಂಡಿರ್ತವೆ. ನಿಮ್ಮ ಕೋಡ್‌ನೇಮ್ ಇವರ ಅಫಿಶಿಯಲ್ ಪಟ್ಟೀಲಿ ಇದ್ರೆ ಹೆಚ್ಚು ಯೋಚ್ನೆ ಮಾಡ್ದೆ ಅದನ್ನೇ ಮೊದ್ಲು ಹಾಕಿ ನೋಡಿ. ನಂಬರ್ ಗೊಂದಲ ಮಾಡ್ಕೋಬೇಡಿ, ಲಿನಿಯೇಜ್ 20 ಅಂದ್ರೆ ಆಂಡ್ರಾಯ್ಡ್ 13, 21 ಅಂದ್ರೆ 14, 22 ಅಂದ್ರೆ 15. ರೂಟ್ ಜೊತೇಲಿ ಬರಲ್ಲ, ನೀವೇ ಹಾಕ್ಕೋಬೇಕು, ಪ್ಲೇ ಇಂಟಿಗ್ರಿಟಿಗೆ ಸುಳ್ಳು ಹೇಳೋ ಕೆಲಸಾನೂ ಅವ್ರು ಮಾಡಲ್ಲ.

ಸ್ವಲ್ಪ ಅಲಂಕಾರ ಬೇಕು ಅನ್ನೋರಿಗೆ ಸಿಆರ್‌ಡ್ರಾಯ್ಡ್, ಎವಲ್ಯೂಶನ್ ಎಕ್ಸ್ ಇವೆ. ಪಿಕ್ಸೆಲ್ ಎಕ್ಸ್‌ಪೀರಿಯನ್ಸ್ ಹಾಕಿ ಅಂತ ಈಗ್ಲೂ ಯಾರಾದ್ರೂ ಹೇಳಿದ್ರೆ, ಅದು 2024ರಲ್ಲೇ ನಿಂತೋಯ್ತು. ಗೂಗಲ್ಲೇ ಬೇಡ ಅನ್ನೋರಿಗೆ, ಗೂಗಲ್ ಸರ್ವಿಸ್ ಬದ್ಲು ಮೈಕ್ರೋಜಿ ಇಟ್ಕೊಂಡು ಬರೋ ಇ ಓಎಸ್ (/e/OS) ಇದೆ. ಗ್ರಾಫೀನ್ ಓಎಸ್ ಸೆಕ್ಯುರಿಟೀಲಿ ಇವೆಲ್ಲದಕ್ಕಿಂತ ಮೇಲೆ, ಆದ್ರೆ ಪಿಕ್ಸೆಲ್ ಫೋನ್‌ಗಳಿಗೆ ಮಾತ್ರ, ಹಾಕಿದ್ಮೇಲೆ ಬೂಟ್‌ಲೋಡರ್ ವಾಪಸ್ ಲಾಕ್ ಮಾಡಿ ಅಂತಾರೆ, ರೂಟ್ ಬೇಡ್ವೇ ಬೇಡ ಅಂತಾರೆ. ರೂಟ್ ಬಿಡೋಕ್ ಮನಸ್ಸಿಲ್ದೋರು ಅದನ್ನ ಹಾಕಿ ಕೆಡಿಸ್ಬೇಡಿ.

ನಿಮ್ಮ ಫೋನ್‌ಗೆ ಅಂತ ಯಾರೂ ಏನೂ ಮಾಡಿಲ್ಲ ಅಂದ್ರೆ ಜಿಎಸ್‌ಐ ಅಂತ ಕೊನೇ ದಾರಿ. 2017ರಲ್ಲಿ ಆಂಡ್ರಾಯ್ಡ್ 8 ಜೊತೆ ಬಂದ ಪ್ರಾಜೆಕ್ಟ್ ಟ್ರೆಬಲ್‌ನಿಂದ ಸಿಸ್ಟಮ್ ಬೇರೆ, ವೆಂಡರ್ (ಆ ಫೋನಿನ ಹಾರ್ಡ್‌ವೇರ್ ನಡೆಸೋ ಭಾಗ) ಬೇರೆ ಆಯ್ತು, ಹಂಗಾಗಿ ಕಂಪನಿ ವೆಂಡರ್ ಮೇಲೆ ಸಾಮಾನ್ಯ ಸಿಸ್ಟಮ್ ಇಮೇಜ್ ಕೂರಿಸ್ಬಹುದು. ಬೂಟ್ ಆಗತ್ತೆ, ಖುಷಿ ಆಗತ್ತೆ, ಆಮೇಲೆ ವೋಲ್ಟಿ ಇಲ್ಲ ಅಂತ ಗೊತ್ತಾಗತ್ತೆ. ಎರಡನೇ ಫೋನ್‌ಗೆ ಸರಿ.

ಇನ್ನೊಂದು, ಅತೀ ಹೊಸ ಆಂಡ್ರಾಯ್ಡೇ ಬೇಕು ಅನ್ನೋ ಹುಚ್ಚು ಬಿಡಿ. 3 ಜಿಬಿ ರ್ಯಾಮ್ (RAM, ಮೆಮೊರಿ) ಇರೋ ಫೋನಲ್ಲಿ ಹೊಸ ವರ್ಷನ್ ಹಾಕಿ ವಾಟ್ಸಾಪಿಂದ ಕ್ಯಾಮೆರಾಗೆ ಹೋಗಿ ಬರೋದ್ರಲ್ಲಿ ವಾಟ್ಸಾಪೇ ಮುಚ್ಚಿರತ್ತೆ. ಹಳೇ ಕರ್ನಲ್ ಮೇಲೆ ಹೊಸ ಆಂಡ್ರಾಯ್ಡ್ ಕೂರ್ಸೋದೂ ಸುಲಭ ಅಲ್ಲ, 2022ರಲ್ಲಿ ಲಿನಿಯೇಜ್ 19 ಬಂದಾಗ ಇಬಿಪಿಎಫ್ ಅನ್ನೋ ಸೌಲಭ್ಯ ಇಲ್ದಿರೋ ಹಳೇ ಕರ್ನಲ್ ಕಾರಣಕ್ಕೆ ಎಷ್ಟೋ ಫೋನ್ ಪಟ್ಟಿಯಿಂದ ಹೊರಗ್ ಬಿದ್ವು. ಒಂದು ವರ್ಷನ್ ಹಿಂದಿರೋ ಆದ್ರೆ ಸೆಕ್ಯುರಿಟಿ ಪ್ಯಾಚ್ ಹೊಸದಿರೋ ರಾಮ್, ಹೊಸ ವರ್ಷನ್ ಇದ್ದು ಪ್ಯಾಚ್ ಹಳೇದಿರೋದಕ್ಕಿಂತ ವಾಸಿ. ಲಿನಿಯೇಜ್‌ನಲ್ಲಿ ಟ್ರಸ್ಟ್ ಅಂತ ಒಂದು ಪೇಜ್ ಇದೆ, ಅದ್ರಲ್ಲಿ ಪ್ಲಾಟ್‌ಫಾರ್ಮ್ ಪ್ಯಾಚ್ ತಾರೀಕು ಒಂದು, ವೆಂಡರ್ ಪ್ಯಾಚ್ ತಾರೀಕು ಒಂದು ಅಂತ ಎರಡೂ ತೋರ್ಸತ್ತೆ. ವೆಂಡರ್‌ದು ಕಂಪನಿ ಯಾವತ್ತು ಕೈ ಬಿಟ್ಟಿತೋ ಅಲ್ಲೇ ನಿಂತಿರತ್ತೆ, ಅದನ್ನ ಯಾವ ಮೇಂಟೇನರೂ ಪೂರ್ತಿ ಸರಿ ಮಾಡೋಕಾಗಲ್ಲ.

ಹಾಕೋಕ್ ಮುಂಚೆ ಬ್ಯಾಕಪ್ಪು, ರೂಟ್ ಇರೋವಾಗ್ಲೇ

ಫೋಟೋ, ಕಾಂಟ್ಯಾಕ್ಟು, ವಾಟ್ಸಾಪ್ ಬ್ಯಾಕಪ್ ಎಲ್ಲಾ ಮಾಡ್ಕೊಳ್ಳಿ, ಅದು ಗೊತ್ತಿರೋದೇ. ಗೊತ್ತಿಲ್ದಿರೋದು ಐಎಂಇಐ (ಫೋನಿನ ಗುರುತಿನ ನಂಬರ್) ಇರೋ ಪಾರ್ಟಿಶನ್, ಅಂದ್ರೆ ಸ್ಟೋರೇಜಿನ ಒಂದು ಭಾಗ. ಈಗ ರೂಟ್ ಇದೆ ಅಲ್ವಾ, ಅದ್ರ ನಿಜವಾದ ಉಪಯೋಗ ಇಲ್ಲಿದೆ. ಟರ್ಮಿನಲಲ್ಲಿ ಎಸ್‌ಯು (su) ಕೊಟ್ಟು, ಡೆವ್ ಒಳಗೆ ಬ್ಲಾಕ್, ಅದ್ರೊಳಗೆ ಬೈ-ನೇಮ್ ಅನ್ನೋ ಫೋಲ್ಡರ್ (/dev/block/by-name) ನೋಡಿ, ಅಲ್ಲಿ ಪಾರ್ಟಿಶನ್ ಹೆಸರುಗಳು ಸಾಲಾಗಿ ಇರ್ತವೆ. ಕ್ವಾಲ್‌ಕಾಮ್ ಫೋನ್ ಆದ್ರೆ ಮೋಡೆಮ್‌ಎಸ್‌ಟಿ1, ಮೋಡೆಮ್‌ಎಸ್‌ಟಿ2, ಎಫ್‌ಎಸ್‌ಜಿ, ಪರ್ಸಿಸ್ಟ್. ಮೀಡಿಯಾಟೆಕ್ ಆದ್ರೆ ಎನ್‌ವಿರ್ಯಾಮ್, ಎನ್‌ವಿಡೇಟಾ, ಪ್ರೊಟೆಕ್ಟ್ 1 ಮತ್ತು 2. ಸ್ಯಾಮ್ಸಂಗ್ ಆದ್ರೆ ಇಎಫ್‌ಎಸ್. ಇವನ್ನ ಡಿಡಿ (dd) ಅನ್ನೋ ಕಾಪಿ ಕಮ್ಯಾಂಡಲ್ಲಿ ಇಮೇಜ್ ಮಾಡಿ ಫೋನಲ್ಲಲ್ಲ, ಕಂಪ್ಯೂಟರ್‌ಗೋ ಡ್ರೈವ್‌ಗೋ ಹಾಕಿಡಿ. ಡಿಡಿ ಕೊಡೋವಾಗ ಇನ್‌ಪುಟ್ ಯಾವ್ದು ಔಟ್‌ಪುಟ್ ಯಾವ್ದು ಅಂತ ಎರಡ್ ಸಲ ಓದಿ ಎಂಟರ್ ಒತ್ತಿ, ತಿರುಗಾಮುರುಗಾ ಆದ್ರೆ ಬ್ಯಾಕಪ್ ಮಾಡೋಕ್ ಹೋಗಿ ಇರೋದೂ ಹೋಗತ್ತೆ.

ಇದು ಹೋದ್ರೆ ಸ್ಟಾರ್ ಹ್ಯಾಶ್ ಸೊನ್ನೆ ಆರು ಹ್ಯಾಶ್ (*#06#) ಒತ್ತಿದಾಗ ಐಎಂಇಐ ಖಾಲಿ ಬರತ್ತೆ, ಸಿಮ್ ಹಿಡಿಯಲ್ಲ. ಪಕ್ಕದವರ ಫೋನಿನ ಪರ್ಸಿಸ್ಟ್ ತಂದು ಹಾಕ್ಬೇಡಿ. ಅಂಗಡೀಲಿ "ಐಎಂಇಐ ಬರ್ಕೊಡ್ತೀವಿ" ಅನ್ನೋರ ಹತ್ರಾನೂ ಹೋಗ್ಬೇಡಿ, ಐಎಂಇಐ ತಿದ್ದೋದು ನಮ್ಮ ದೇಶದಲ್ಲಿ ಅಪರಾಧ, 2017ರಿಂದ್ಲೇ ಅದಕ್ಕೆ ಅಂತ ನಿಯಮ ಇದೆ.

ಕಂಪನಿ ರಾಮಿನ ಪೂರ್ತಿ ಫಾಸ್ಟ್‌ಬೂಟ್ ಪ್ಯಾಕೇಜೂ ಈಗ್ಲೇ ಇಳಿಸಿಟ್ಕೊಳ್ಳಿ, ಫೋನ್ ಸತ್ತಾಗ ಹುಡುಕೋದು ಕಷ್ಟ.

ಹಾಕೋ ದಿನ

ರಾಮ್ ಫೈಲ್ ಅಫಿಶಿಯಲ್ ಜಾಗದಿಂದ್ಲೇ ಇಳಿಸಿ, ಫೈಲ್ ಸರಿಯಾಗಿದ್ಯಾ ಅಂತ ತಾಳೆ ನೋಡೋ ಶಾ256 ಕೋಡ್ ಹೊಂದತ್ತಾ ನೋಡಿ. ಒಂದೂವರೆ ಜಿಬಿ ಫೈಲ್ ಮಧ್ಯದಲ್ಲಿ ನೆಟ್ ಹೋಗಿ ಅರ್ಧಂಬರ್ಧ ಇಳಿದಿದ್ರೆ ಹಾಕಿದ್ಮೇಲೆ ಲೋಗೋದಲ್ಲೇ ಸುತ್ತತ್ತೆ. ರಾಮ್ ಹಾಕೋಕೆ ಬಳಸೋ ರಿಕವರಿ ಯಾವ್ದು ಅಂತ ವಾದ ಮಾಡೋದು ಬೇಡ, ಆ ರಾಮಿನ ಪೇಜಲ್ಲಿ ಯಾವ್ದು ಹೇಳಿದಾರೋ ಅದೇ. ಟಿಡಬ್ಲ್ಯುಆರ್‌ಪಿ ಅನ್ನೋ ರಿಕವರಿ ಮೇಲೆ ಪ್ರೀತಿ ಇರೋರು ಬೇಜಾರಾಗ್ಬೇಡಿ, ಹೊಸ ಆಂಡ್ರಾಯ್ಡ್‌ಗಳ ಎನ್‌ಕ್ರಿಪ್ಶನ್ ಅದಕ್ಕೆ ಎಷ್ಟೋ ಫೋನಲ್ಲಿ ಬಿಚ್ಚೋಕಾಗಲ್ಲ.

ಗೂಗಲ್ ಆಪ್ಸ್ ರಾಮ್ ಒಳಗೇ ಇದ್ಯಾ, ಬೇರೆ ಹಾಕ್ಬೇಕಾ ನೋಡಿ. ಬೇರೆ ಅಂದ್ರೆ ಲಿನಿಯೇಜ್‌ಗೆ ಮೈಂಡ್ ದಿ ಗ್ಯಾಪ್ಸ್ ಅನ್ನೋ ಪ್ಯಾಕೇಜು, ಆಂಡ್ರಾಯ್ಡ್ ವರ್ಷನ್ನೂ ಪ್ರೊಸೆಸರ್ ಬಗೆಯೂ ಹೊಂದ್ಬೇಕು, ಮತ್ತೆ ಮೊದಲ ಸಲ ಬೂಟ್ ಆಗೋಕ್ ಮುಂಚೇನೇ ಹಾಕ್ಬೇಕು. ಬೂಟ್ ಆದ್ಮೇಲೆ ನೆನಪಾಗಿ ಹಾಕಿದ್ರೆ ಸೆಟಪ್ ಕ್ರ್ಯಾಶ್ ಆಗ್ತಾನೇ ಇರತ್ತೆ.

ಈಗಿರೋ ಮ್ಯಾಜಿಸ್ಕ್ ಮಾಡ್ಯೂಲ್ ಎಲ್ಲಾ ತೆಗೀರಿ, ಬ್ಯಾಟರಿ ಅರವತ್ತು ಪರ್ಸೆಂಟ್ ಮೇಲಿರ್ಲಿ. ಡೆಸ್ಕ್‌ಟಾಪಿಂದ ಮಾಡ್ತೀರಾ ಅಂದ್ರೆ ಯುಪಿಎಸ್ ಇರ್ಲಿ, ಫೋನಲ್ಲಿ ಚಾರ್ಜ್ ಇದ್ರೂ ಫರ್ಮ್‌ವೇರ್ ಬರೀತಿರೋ ಟೈಮಲ್ಲಿ ಕರೆಂಟ್ ಹೋಗಿ ಸಿಸ್ಟಮ್ ಆಫ್ ಆದ್ರೆ ಅಲ್ಲಿಗೆ ಮುಗೀತು, ಮಳೆಗಾಲದ ಸಂಜೆ ನಮ್ಮೂರಲ್ಲಿ ಕರೆಂಟ್ ನಂಬೋರು ಯಾರೂ ಇಲ್ಲ. ಲ್ಯಾಪ್‌ಟಾಪ್ ಆದ್ರೆ ನಿಶ್ಚಿಂತೆ. ಫಾಸ್ಟ್‌ಬೂಟಲ್ಲಿ ಫೋನ್ ಕಾಣಿಸ್ತಿಲ್ಲ ಅಂದ್ರೆ ಡ್ರೈವರ್ ನೋಡಿ, ಆಮೇಲೆ ಯುಎಸ್‌ಬಿ 2 ಪೋರ್ಟಿಗೆ ಬದಲಾಯ್ಸಿ, ಕೆಲವು ಎಎಂಡಿ ಸಿಸ್ಟಮಲ್ಲಿ ಯುಎಸ್‌ಬಿ 3 ಜೊತೆ ಫಾಸ್ಟ್‌ಬೂಟ್ ಜಗಳ ಆಡತ್ತೆ.

ಬೇರೆ ರಾಮಿಂದ ಬರ್ತಿದೀರಿ ಅಂದ್ರೆ ಫಾರ್ಮ್ಯಾಟ್ ಡೇಟಾ ಮಾಡ್ಲೇಬೇಕು, ವೈಪ್ ಬೇರೆ ಫಾರ್ಮ್ಯಾಟ್ ಬೇರೆ. ಡೇಟಾ ಉಳಿಸ್ಕೊಂಡು ಮೇಲೇ ಹಾಕೋ ಡರ್ಟಿ ಫ್ಲ್ಯಾಶ್ ಅದೇ ರಾಮಿನ ಅಪ್‌ಡೇಟ್‌ಗೆ ಮಾತ್ರ. ಮೊದಲ ಬೂಟ್ ಸ್ವಲ್ಪ ಹೊತ್ತು ತಗೊಳ್ಳತ್ತೆ, ಕಾಯಿರಿ, ಕಾಲು ಗಂಟೆ ದಾಟಿದ್ರೂ ಅಲ್ಲೇ ಇದ್ರೆ ರಿಕವರಿಗೆ ವಾಪಸ್.

ಬೂಟ್ ಆದ್ಮೇಲೆ ತಕ್ಷಣ ರೂಟ್ ಮಾಡ್ಬೇಡಿ. ಹಳೇ ರೂಟ್ ಹೋಗಿರತ್ತೆ, ಯಾಕಂದ್ರೆ ರೂಟ್ ಕೂತಿದ್ದ ಬೂಟ್ ಇಮೇಜೇ (ಫೋನ್ ಎದ್ದೇಳೋಕೆ ಬೇಕಾದ ಫೈಲು) ಬದಲಾಗಿದೆ. ಮೊದ್ಲು ರೂಟ್ ಇಲ್ದೆ ಬಳಸಿ, ಇಲ್ಲಾಂದ್ರೆ ತೊಂದ್ರೆ ರಾಮಿಂದಾ ಮಾಡ್ಯೂಲಿಂದಾ ಗೊತ್ತಾಗಲ್ಲ.

ಒಂದು ವಾರ ಓಡಾಡ್ಸಿ

ಎಸ್‌ಇಲಿನಕ್ಸ್ ಏನಿದೆ ನೋಡಿ, ಟರ್ಮಿನಲಲ್ಲಿ ಗೆಟ್‌ಎನ್‌ಫೋರ್ಸ್ ಅಂದ್ರೆ ಎನ್‌ಫೋರ್ಸಿಂಗ್ ಅಂತ ಬರ್ಬೇಕು. ಪರ್ಮಿಸಿವ್ ಅಂತ ಬಂದ್ರೆ ಮೇಂಟೇನರ್ ಕಷ್ಟ ಬಿದ್ದು ಸರಿ ಮಾಡೋ ಬದ್ಲು ಬಾಗ್ಲು ತೆಗೆದಿಟ್ಟಿದಾನೆ ಅಂತ, ಅಂಥದ್ದು ದಿನಬಳಕೆಗೆ ಬೇಡ. ಯಾವ ಕೀಯಿಂದ ಸಹಿ ಆಗಿದೆ ಅಂತ ಹೇಳೋ ಬಿಲ್ಡ್ ಟ್ಯಾಗ್ಸ್ ಸಾಲಲ್ಲಿ ಟೆಸ್ಟ್-ಕೀಸ್ ಅಂತ ಇದ್ರೂ ಯೋಚ್ನೆ ಮಾಡಿ, ಆ ಕೀ ಆಂಡ್ರಾಯ್ಡ್ ಸೋರ್ಸಲ್ಲೇ ಎಲ್ರಿಗೂ ಸಿಗತ್ತೆ, ಸಿಸ್ಟಮ್ ಆಪ್ ಹೆಸರಲ್ಲಿ ಯಾರು ಬೇಕಾದ್ರೂ ಸಹಿ ಹಾಕ್ಬಹುದು.

ಡಯಲರಲ್ಲಿ ಸ್ಟಾರ್ ಹ್ಯಾಶ್ ಸ್ಟಾರ್ ಹ್ಯಾಶ್ 4636 ಹ್ಯಾಶ್ ಸ್ಟಾರ್ ಹ್ಯಾಶ್ ಸ್ಟಾರ್ (*#*#4636#*#*) ಹೊಡೆದ್ರೆ ಫೋನ್ ಇನ್ಫರ್ಮೇಶನ್ ಬರತ್ತೆ, ವೋಲ್ಟಿ ಪ್ರಾವಿಶನ್ ಆನ್ ಇದ್ಯಾ, ಐಎಂಎಸ್ (ವೋಲ್ಟಿ ಕಾಲ್ ನಡೆಸೋ ಸರ್ವಿಸ್) ರಿಜಿಸ್ಟರ್ ಆಗಿದ್ಯಾ ಅಲ್ಲೇ ಕಾಣತ್ತೆ. ಆದ್ರೆ ನಿಜವಾದ ಪರೀಕ್ಷೆ ಮನೇಲಿ ಕೂತು ಆಗಲ್ಲ. ಬೆಂಗಳೂರು ಟ್ರೈನ್ ಹತ್ತಿ, ಯಾರಿಗಾದ್ರೂ ಕಾಲ್ ಮಾಡಿ ಮಾತಾಡ್ತಾ ಇರಿ. ಕ್ಯಾತ್ಸಂದ್ರ, ಹಿರೇಹಳ್ಳಿ, ನಿಡವಂದ, ದೊಡ್ಡಬೆಲೆ ಅಂತ ಟವರ್ ಬದಲಾಗ್ತಾ ಹೋಗೋವಾಗ ಕಂಪನಿ ರಾಮಲ್ಲಿ ಕಟ್ ಆಗದೇ ಇದ್ದ ಕಡೆ ಇಲ್ಲಿ ಕಟ್ ಆಗ್ತಿದ್ರೆ ಮೋಡೆಮ್ ಫರ್ಮ್‌ವೇರ್ ರಾಮ್‌ಗೆ ಹೊಂದ್ತಿಲ್ದೆ ಇರ್ಬಹುದು. ಡೇಟಾ ಆನ್ ಇಟ್ಕೊಂಡು ಕಾಲ್ ಮುಗಿದ್ಮೇಲೆ ನೆಟ್ ತಾನಾಗೇ ವಾಪಸ್ ಬರತ್ತಾ, ಬ್ಲೂಟೂತ್ ಹಾಕ್ಕೊಂಡು ಕಾಲ್ ಎತ್ತಿದ್ರೆ ಆಚೆ ಕಡೆಯವ್ರಿಗೆ ಕೇಳತ್ತಾ, ಇವೂ ನೋಡ್ಕೊಳ್ಳಿ. ಬ್ಯಾಟರಿ ಬಗ್ಗೆ ಮೊದಲೆರಡು ದಿನ ತೀರ್ಪು ಕೊಡ್ಬೇಡಿ, ಆಪ್‌ಗಳೆಲ್ಲ ಮತ್ತೆ ಇಳಿದು ಸಿಂಕ್ ಆಗ್ತಿರ್ತವೆ. ರಾತ್ರಿ ನೂರಕ್ಕಿಟ್ಟು ಮಲಗಿ ಬೆಳಗ್ಗೆ ಎಷ್ಟಿದೆ ನೋಡೋದೇ ಸರಿಯಾದ ಲೆಕ್ಕ, ಏಳೆಂಟು ಪರ್ಸೆಂಟಿಗಿಂತ ಜಾಸ್ತಿ ಸುಮ್ನೆ ಇಳಿದಿದ್ರೆ ಏನೋ ಒಂದು ಫೋನ್‌ನ ಮಲಗೋಕ್ ಬಿಡ್ತಿಲ್ಲ.

ಎಲ್ಲಾ ಸರಿ ಇದ್ರೆ ಈಗ ರೂಟ್. ಹಾಕಿರೋ ಅದೇ ಬಿಲ್ಡಿನ ಬೂಟ್ ಇಮೇಜ್ ತಗೊಂಡು ಮ್ಯಾಜಿಸ್ಕಲ್ಲಿ ಪ್ಯಾಚ್ ಮಾಡಿ ಫಾಸ್ಟ್‌ಬೂಟಲ್ಲಿ ಹಾಕಿ. ಆಂಡ್ರಾಯ್ಡ್ 13 ಜೊತೆ ಹುಟ್ಟಿದ ಫೋನ್‌ಗಳಲ್ಲಿ ಪ್ಯಾಚ್ ಆಗ್ಬೇಕಾಗಿರೋದು ಇನಿಟ್-ಬೂಟ್ ಇಮೇಜ್, ಬೂಟ್ ಅಲ್ಲ. ಮೇಂಟೇನರ್ ಕರ್ನಲ್‌ನಲ್ಲೇ ಕರ್ನಲ್‌ಎಸ್‌ಯು ಅನ್ನೋ ಇನ್ನೊಂದು ಬಗೆ ರೂಟ್ ಸೇರ್ಸಿದ್ರೆ ಮ್ಯಾಜಿಸ್ಕ್ ಬೇಡ, ಎರಡೂ ಒಟ್ಟಿಗೆ ಹಾಕ್ಬೇಡಿ. ಪ್ಯಾಚ್ ಮಾಡ್ದಿರೋ ಅಸಲಿ ಇಮೇಜ್ ಡಿಲೀಟ್ ಮಾಡ್ಬೇಡಿ, ಯಾವ್ದೋ ಮಾಡ್ಯೂಲ್ ಹಾಕಿ ಬೂಟ್ ಆಗದೇ ಹೋದ್ರೆ ಅದನ್ನ ಹಾಕಿದ್ರೆ ಫೋನ್ ಎದ್ದು ಕೂರತ್ತೆ. ತಿಂಗಳ ಅಪ್‌ಡೇಟ್ ಬಂದಾಗ್ಲೂ ಹೊಸ ಇಮೇಜ್‌ಗೆ ಮತ್ತೆ ಇದೇ ಕೆಲಸ, ಹಳೇ ಪ್ಯಾಚ್ ಇಮೇಜ್ ಹೊಸ ಬಿಲ್ಡ್‌ಗೆ ಹಾಕ್ಬೇಡಿ.

ಹಿಡಿಸ್ಲಿಲ್ಲ ಅಂದ್ರೆ

ಒಂದು ವಾರ ಆದ್ಮೇಲೂ ಕಾಲ್ ತೊಂದ್ರೆ ಇದ್ರೆ ಇನ್ನೊಂದು ಬಿಲ್ಡ್ ಬರ್ಲಿ ಅಂತ ಕಾಯ್ಬೇಡಿ, ಎರಡನೇ ಆಯ್ಕೆ ರಾಮ್‌ಗೋ ಕಂಪನಿ ರಾಮ್‌ಗೋ ಹೋಗಿ. ಶಿಯೋಮಿ ಫೋನ್ ಇರೋರು ಕಂಪನಿ ರಾಮ್ ಹಾಕೋ ಮಿ ಫ್ಲ್ಯಾಶ್ ಟೂಲ್ ತೆಗೆದಾಗ ಕೆಳಗಡೆ ಬಲಗಡೆ ನೋಡಿ, "ಕ್ಲೀನ್ ಆಲ್ ಆ್ಯಂಡ್ ಲಾಕ್" ಅನ್ನೋದು ತಾನಾಗೇ ಟಿಕ್ ಆಗಿ ಕೂತಿರತ್ತೆ, ಅದನ್ನ ತೆಗೆದು "ಕ್ಲೀನ್ ಆಲ್" ಅಂತ ಮಾತ್ರ ಇಡಿ. ಬೇರೆ ರೀಜನ್ನಿನ ರಾಮ್ ಹಾಕಿ ಲಾಕ್ ಆಗ್ಬಿಟ್ರೆ ಫೋನ್ ಬೂಟ್ ಆಗಲ್ಲ, ಮತ್ತೆ ಅನ್‌ಲಾಕ್‌ಗೆ ಅರ್ಜಿ ಹಾಕೋಕೆ ಫೋನ್ ಆನ್ ಆಗ್ಬೇಕು, ಆನ್ ಆಗೋಕೆ ಅನ್‌ಲಾಕ್ ಆಗಿರ್ಬೇಕು. ಸ್ಯಾಮ್ಸಂಗ್ ಇರೋರಿಗೆ ವಾಪಸ್ ಹೋದ್ರೂ ನಾಕ್ಸ್ ಫ್ಯೂಸ್ (ಫೋನ್ ತಿದ್ದಿದಾರೆ ಅಂತ ಖಾಯಂ ಗುರುತು ಇಡೋದು) ಮೊದಲಿನಂಗೆ ಆಗಲ್ಲ, ಸೆಕ್ಯೂರ್ ಫೋಲ್ಡರ್ ಥರದ್ದು ಹೋಗಿದ್ದು ಹೋಗಿದ್ದೇ, ಮಾರೋವಾಗ ತಗೊಳ್ಳೋರಿಗೆ ಮೊದ್ಲೇ ಹೇಳ್ಬಿಡಿ.